ಹಗ್ಗದ ಎರಡು ತುದಿ

“ಏನೂ ಮಾಡಲ್ಲ, ಹೆದರಬೇಡಿ.” ಬಿಚ್ಚಿಬಿಟ್ಟ ನಾಯಿಯ ಹಿಂದೆ ನಡೆದು ಬರುವವರು ಎದುರಾದವರಿಗೆ ಹೇಳುವ ಮಾತು ಇದು. ಪುಣೆಯಲ್ಲಿ ಮರಾಠಿಯಲ್ಲಿ ಕೇಳುತ್ತೇವೆ, ಬೆಂಗಳೂರಿನಲ್ಲಿ ಕನ್ನಡದಲ್ಲಿ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ತಮಗೆ ಗೊತ್ತಿರುವುದನ್ನು ಎದುರಿನವರೂ ನಂಬಲೇಬೇಕು ಎಂದು ಕೇಳುವ ಹಕ್ಕು ಅವರಿಗಿದೆಯೇ?

ನಮ್ಮ ಮನೆಯಲ್ಲೂ ಬೀದಿಯಿಂದ ಬಂದ ಒಂದು ನಾಯಿಯಿದೆ. ಅದು ಯಾವಾಗ ಕಿವಿ ನಿಮಿರಿಸುತ್ತದೆ, ಯಾವಾಗ ಬಾಲ ಮಡಚುತ್ತದೆ ಎಂಬುದು ನನಗೆ ಗೊತ್ತು. ಲಿಫ್ಟಿನ ಬಾಗಿಲಲ್ಲಿ ನಿಂತ ಪುಟ್ಟ ಹುಡುಗಿಗೆ ಗೊತ್ತಿಲ್ಲ. ಅದು ಕಚ್ಚಲೇಬೇಕೆಂದೂ ಇಲ್ಲ. ಮಂಡಿ ಆಪರೇಷನ್ ಆದ ಅಜ್ಜಿಯ ಮೇಲೆ ಪ್ರೀತಿಯಿಂದ ಹಾರಿದರೂ ಸಾಕು. ಬಿದ್ದವರಿಗೆ ಪ್ರೀತಿಯ ಏಟು, ಸಿಟ್ಟಿನ ಏಟು ಎಂಬ ವ್ಯತ್ಯಾಸ ಇರುವುದಿಲ್ಲ.

ಪ್ರಾಜೆಕ್ಟ್ ಕೆಲಸದಲ್ಲಿ ಪ್ರತಿ ರಿಸ್ಕಿನ ಮುಂದೆ ಒಬ್ಬರ ಹೆಸರು ಬರೆಯುತ್ತೇವೆ. ಬಿಚ್ಚಿದ ನಾಯಿಯ ಲೆಕ್ಕದಲ್ಲಿ ನಿರ್ಧಾರ ನನ್ನದು, ಖುಷಿ ನನ್ನದು, ರಿಸ್ಕ್ ಮಾತ್ರ ಕೇಳದೆಯೇ ಇನ್ನೊಬ್ಬರದು. ತಪ್ಪಿರುವುದು ಇಲ್ಲಿ.

ಕಾನೂನು ಕೂಡ ಇದನ್ನು ಗಮನಿಸಿದೆ. ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯವೋ ತೀವ್ರ ಗಾಯವೋ ಆಗಬಹುದಾದಲ್ಲಿ ಎಚ್ಚರ ವಹಿಸದ ಮಾಲೀಕರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ಹೇಳುತ್ತದೆ. ಇನ್ನೊಂದು ಕಡೆ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ನಾಯಿಯನ್ನು ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದೂ, ಸದಾ ಕಟ್ಟಿರುವ ನಾಯಿಯನ್ನು ಓಡಾಡಿಸದಿರುವುದೂ ಅಪರಾಧ. ಕಟ್ಟಿಹಾಕುವುದು ಬೇರೆ, ಹಗ್ಗ ಹಿಡಿದು ಜೊತೆಗೆ ನಡೆಯುವುದು ಬೇರೆ.

ಇಲ್ಲೊಂದು ಕಠಿಣ ಪ್ರಶ್ನೆ ಏಳುತ್ತದೆ. ಇನ್ನೊಬ್ಬರ ಭಯವೇ ಸಾಕಷ್ಟು ಕಾರಣವೆಂದರೆ ಅದು ಎಲ್ಲಿಗೆ ನಿಲ್ಲುತ್ತದೆ? ಬ್ಯಾಚುಲರ್‌ಗಳಿಗೆ ಮನೆ ಇಲ್ಲ, ಮಾಂಸ ತಿನ್ನುವವರಿಗೆ ಇಲ್ಲ, ಹೊರಗಿನವರಿಗೆ ಇಲ್ಲ ಎನ್ನುವವರೂ ತಮ್ಮ ಭಯವನ್ನೇ ಮುಂದಿಡುತ್ತಾರೆ. ಊರು ಬಿಟ್ಟು ಬಂದ ನಮಗೆ ಆ ಮಾತಿನ ರುಚಿ ಗೊತ್ತು. ಹಾಗಾಗಿ ಬರೀ ಭಯಕ್ಕೆ ನಾನು ತಲೆಬಾಗಲಾರೆ. ನಾಯಿಗೆ ಲಿಫ್ಟ್ ಬೇಡ, ಸೊಸೈಟಿಯಲ್ಲಿ ನಾಯಿಯೇ ಬೇಡ ಎಂಬ ನಿಯಮಗಳನ್ನು ಒಪ್ಪುವುದಿಲ್ಲ.

ಆದರೆ ಮನುಷ್ಯ ತನ್ನ ನಡತೆಗೆ ತಾನೇ ಉತ್ತರ ಕೊಡಬಲ್ಲ. ಅವನ ಮೇಲಿನ ಸಂಶಯ ಅವನಿಗೆ ಅವಮಾನ. ನಾಯಿ ಮಾತು ಕೊಡಲಾರದು, ಪಟಾಕಿ ಸಿಡಿದಾಗ ಹೀಗೇ ಇರುತ್ತೇನೆ ಎಂದು ಭರವಸೆ ನೀಡಲಾರದು. ಅದರ ಪರವಾಗಿ ಯಾರಾದರೂ ಜವಾಬು ಹೇಳಬೇಕು. ಹಗ್ಗ ಎಂದರೆ ಅಷ್ಟೇ: ನಾಯಿಯ ಮೇಲಿನ ಆರೋಪವಲ್ಲ, ನನ್ನ ಹೊಣೆಯ ಗುರುತು. ಅದರಿಂದ ನಾಯಿ ಕಳೆದುಕೊಳ್ಳುವುದೂ ಕಡಿಮೆ, ಹಗ್ಗ ಉದ್ದವಿದ್ದರೆ ಮೂಸಲು, ತಿರುಗಲು ಅಡ್ಡಿಯಿಲ್ಲ. ರಸ್ತೆಗೆ ನುಗ್ಗಿ ಗಾಡಿಗೆ ಸಿಗುವುದೂ ತಪ್ಪುತ್ತದೆ.

ಓಡುವ ಆಸೆ ಮಾತ್ರ ಹಗ್ಗದಲ್ಲಿ ತೀರದು, ನಿಜ. ಅದಕ್ಕೆ ಬೇಲಿ ಹಾಕಿದ ಒಂದು ಜಾಗ ಕೊಡಿ ಎಂದು ಸೊಸೈಟಿಯನ್ನೋ ಪಾಲಿಕೆಯನ್ನೋ ನಾವು ಕೇಳಬೇಕು. ಕೈಯಲ್ಲಿ ಹಗ್ಗ ಹಿಡಿದು ಕೇಳಿದರೆ ಆ ಮಾತಿಗೆ ಹೆಚ್ಚು ತೂಕ.