ತಾಯಿ ಮಿಗಿಲು, ಮಗಳು?

‘ನ್ನೆಕಾ’. ನೈಜೀರಿಯದ ಆಗ್ನೇಯ ಭಾಗದ ಇಗ್ಬೊ ಜನ ಹೆಣ್ಣುಮಗುವಿಗೆ ಇಡುವ ಹೆಸರಿದು. ಹೆಸರೇ ಒಂದು ನಾಣ್ಣುಡಿ: ‘ನ್ನೆ’ ಎಂದರೆ ತಾಯಿ, ‘ಕಾ’ ಎಂದರೆ ಮಿಗಿಲು.

ಮಕ್ಕಳು ತಂದೆಯ ಕುಲಕ್ಕೆ ಸೇರುವ, ನೆಲ ಗಂಡುಮಕ್ಕಳಿಗೇ ಹೋಗುವ ಸಮಾಜದಲ್ಲಿ ಈ ಮಾತು ಹೇಗೆ ಹುಟ್ಟಿತು? ಚಿನುವ ಅಚೆಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ (1958) ಕಾದಂಬರಿಯಲ್ಲಿ ಮುದುಕ ಉಚೆಂಡು ಇದನ್ನೇ ತನ್ನ ಸೋದರಳಿಯ ಒಕೊಂಕ್ವೊನಿಗೆ ಕೇಳುತ್ತಾನೆ. ಏಳು ವರ್ಷ ಊರು ಬಿಡಬೇಕಾಗಿ ಬಂದ ಆ ಗಂಡುಗಲಿಗೆ ನೆಲೆ ಕೊಟ್ಟದ್ದು ತಾಯಿಯ ತವರು. ಸೋತು ಬಂದವನಿಗೆ ಬಾಗಿಲು ತೆರೆಯುವ ಮನೆ ಅದು, ಹಿರಿಮೆ ಅದಕ್ಕೆ.

ಆದರೆ ಹಿರಿಮೆ ತಾಯಿಯದು. ಮಗಳದು? ‘ಉಮುಆಡಾ’, ಅಂದರೆ ಕುಲದ ಹೆಣ್ಣುಮಕ್ಕಳ ಕೂಟ, ಮದುವೆಯಾಗಿ ಹೋದ ಮೇಲೂ ತವರಿನ ಜಗಳ ಬಿಡಿಸಲು ಬರುತ್ತಿತ್ತು. ಅಲ್ಲಿ ಅವಳ ಮಾತು ನಡೆಯುತ್ತಿತ್ತು, ನೆಲದಲ್ಲಿ ಪಾಲಿರಲಿಲ್ಲ. ಬ್ರಿಟಿಷರು ಗಂಡಸರನ್ನೇ ಮುಖಂಡರನ್ನಾಗಿ ನೇಮಿಸಿ ಆ ಮಾತಿಗೂ ಬೆಲೆಯಿಲ್ಲದಂತೆ ಮಾಡಿದರು. 1929ರಲ್ಲಿ ಹೆಂಗಸರ ಮೇಲೂ ತೆರಿಗೆ ಬೀಳುತ್ತದೆಂಬ ಸುದ್ದಿ ಹಬ್ಬಿದಾಗ ಸಾವಿರಾರು ಹೆಂಗಸರು ಬೀದಿಗಿಳಿದರು. ಬ್ರಿಟಿಷ್ ಆಡಳಿತದ ಗುಂಡೇಟಿಗೆ ಐವತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. ಬೀದಿಗಿಳಿದವರಲ್ಲಿ ಬಹುಪಾಲು ಜನ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹಾಗಾಗಿ ಇಗ್ಬೊ ಹೆಣ್ಣಿಗೆ ಧೈರ್ಯ ಕಲಿಸಿದ್ದು ಓದು ಎನ್ನಲಾಗದು.

ಓದು ಕೊಟ್ಟದ್ದು ಬೇರೆ: ನಾಣ್ಣುಡಿಯನ್ನೇ ಪ್ರಶ್ನಿಸುವ ಲೇಖನಿ. ಇಬಾದಾನಿನಲ್ಲಿ ಪದವಿ ಪಡೆದ ಇಗ್ಬೊ ಲೇಖಕಿ ಫ್ಲೋರಾ ನ್ವಾಪಾಳ ‘ಎಫುರು’ (1966) ಕಾದಂಬರಿಯ ನಾಯಕಿ ಕೈತುಂಬ ವ್ಯಾಪಾರವಿರುವವಳು. ಇದ್ದೊಂದು ಮಗುವನ್ನು ಕಳೆದುಕೊಂಡು ಮತ್ತೆ ಹೆರದವಳು. ತಾಯಿಯೇ ಮಿಗಿಲಾದರೆ ಇವಳ ಲೆಕ್ಕವೇನು? ಮುಂದೆ ಪ್ರಶ್ನೆ ನ್ಯಾಯಾಲಯಕ್ಕೂ ಹೋಯಿತು. ಹೆಣ್ಣುಮಕ್ಕಳಿಗೆ ತಂದೆಯ ಆಸ್ತಿ ತಪ್ಪಿಸುವ ಇಗ್ಬೊ ಕಟ್ಟಳೆ ಸಂವಿಧಾನಕ್ಕೆ ವಿರುದ್ಧವೆಂದು ನೈಜೀರಿಯದ ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪಿತ್ತಿತು.

ಇತ್ತ ಎಷ್ಟೋ ಹುಡುಗರು ಓದು ಬಿಟ್ಟು ಅಂಗಡಿಯ ಧಣಿಯ ಕೈಕೆಳಗೆ ವ್ಯಾಪಾರ ಕಲಿಯಲು ಹೋಗುತ್ತಾರೆ. ಹುಡುಗಿಯರು ತರಗತಿಯಲ್ಲಿ ಉಳಿಯುತ್ತಾರೆ. ಕಷ್ಟ ಬಂದಾಗ ಮನೆ ಈಗ ಓದಿದ ಮಗಳ ಮುಖವನ್ನೂ ನೋಡುತ್ತದೆ. ಆಸರೆ ಕೊಡುವವಳೇ ಮಿಗಿಲೆನ್ನುವುದು ನಾಣ್ಣುಡಿಯ ತರ್ಕವಾದರೆ, ಅವಳು ಹೆರುವವರೆಗೆ ಕಾಯಬೇಕಾದ್ದೇನಿದೆ?