ಗೋಡೆಯೂ ಸುಳ್ಳು ಹೇಳುವುದೆ?

ಮಾತಿನಲ್ಲಿ ಸತ್ಯಾಸತ್ಯಗಳನ್ನು ಹುಡುಕುವುದು ನಮಗೆ ರೂಢಿ. ಆಡಿದ್ದು ಇದ್ದುದಕ್ಕೆ ಹೊಂದದಿದ್ದರೆ ಅದನ್ನು ಸುಳ್ಳೆನ್ನುತ್ತೇವೆ. ಆದರೆ ಬಾಯಿಲ್ಲದ ವಸ್ತುಗಳಿಗೆ, ನೆಲಕ್ಕೆ, ಗೋಡೆಗೆ, ಬಾಗಿಲಿಗೆ, ಈ ಕಟ್ಟುಪಾಡು ಉಂಟೆ? ಪ್ರಶ್ನೆ ವಿಚಿತ್ರವೆನಿಸಬಹುದು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಹೊಸ ಬಡಾವಣೆಗಳಲ್ಲಿ ಗೃಹಪ್ರವೇಶದ ಊಟ ಉಂಡು ಬಂದವರಿಗೆ ಮಾತ್ರ ಹಾಗೆನಿಸಲಾರದು. ನೋಡಿದರೆ ಹಲಗೆಯ ನೆಲ; ಕಾಲಿಟ್ಟರೆ ತಣ್ಣನೆಯ ಟೈಲು. ನೋಡಿದರೆ ಇಟ್ಟಿಗೆಯ ಗೋಡೆ. ಬೆರಳಾಡಿಸಿದರೆ ಅಂಟಿಸಿದ ಕಾಗದ. ಬಾಗಿಲು ಸಾಗುವಾನಿಯಂತೆ ಕಾಣುತ್ತದೆ; ತಟ್ಟಿದರೆ ಟೊಳ್ಳು ಸದ್ದು. ಕಣ್ಣು ಒಪ್ಪಿದ್ದನ್ನು ಕೈ ಅಲ್ಲಗಳೆಯುತ್ತದೆ.

ಇದನ್ನು ನೀತಿಯ ಪ್ರಶ್ನೆಯೆಂದೇ ತಿಳಿದವರು ಹಿಂದೆ ಇದ್ದರು. ಇಂಗ್ಲೆಂಡಿನ ಜಾನ್ ರಸ್ಕಿನ್ 1849ರಲ್ಲಿ ವಾಸ್ತುಶಿಲ್ಪದ ಏಳು ದೀಪಗಳನ್ನು ಕುರಿತು ಒಂದು ಗ್ರಂಥ ಬರೆದ. ಆ ದೀಪಗಳಲ್ಲಿ ಒಂದು ಸತ್ಯದ ದೀಪ. ಒಂದು ಪದಾರ್ಥಕ್ಕೆ ಬಣ್ಣ ಬಳಿದು ಇನ್ನೊಂದೆಂದು ತೋರಿಸುವುದು, ಯಂತ್ರದಲ್ಲಿ ಎರಕ ಹೊಯ್ದದ್ದನ್ನು ಕೈಕೆಲಸವೆಂದು ನಂಬಿಸುವುದು, ಎರಡೂ ಅವನ ಲೆಕ್ಕದಲ್ಲಿ ವಂಚನೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ವಿಯೆನ್ನಾದ ಅಡಾಲ್ಫ್ ಲೂಸ್ ಇನ್ನೂ ಮುಂದೆ ಹೋಗಿ, ಅಲಂಕಾರವೇ ದುಡಿಮೆಯ ದುಂದು ಎಂದು ಸಾರಿದ. ಅಲಂಕರಿಸು, ಆದರೆ ಸುಳ್ಳಾಡಬೇಡ ಎಂಬುದು ಒಬ್ಬನ ಮಾತು. ಅಲಂಕರಿಸಲೇ ಬೇಡ ಎಂಬುದು ಇನ್ನೊಬ್ಬನದು.

ಎರಡನೆಯ ಮಾತು ನಮ್ಮ ನಾಡಿನ ಮನಸ್ಸಿಗೆ ಹಿಡಿಸುವಂಥದಲ್ಲ. ಒಪ್ಪತ್ತಿನ ಊಟಕ್ಕೆ ಕಷ್ಟವಿದ್ದ ಮನೆಯ ಹೊಸ್ತಿಲ ಮುಂದೆಯೂ ರಂಗೋಲಿಯ ನಾಲ್ಕು ಎಳೆ ಬೀಳುತ್ತಿತ್ತು. ಸುಣ್ಣದ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಏರುತ್ತಿತ್ತು. ಹರಿದ ಸೀರೆಗಳು ಕೌದಿಯಾಗಿ, ತುಂಡುಗಳೆಲ್ಲ ಸೇರಿ ಚೌಕುಳಿಯಾಗುತ್ತಿದ್ದವು. ಇವುಗಳಲ್ಲಿ ವಿನ್ಯಾಸವು ಹೊರಗಿನಿಂದ ತಂದು ಅಂಟಿಸಿದ್ದಲ್ಲ, ವಸ್ತುವಿನ ಒಡಲಿನಿಂದಲೇ ಬಂದದ್ದು. ರಾಣೇಬೆನ್ನೂರು ತಾಲ್ಲೂಕಿನ ಮೆಡ್ಲೇರಿ ಕಂಬಳಿಗೆ ಹೆಸರಾದ ಊರು. ಕಂಬಳಿಯ ಕಪ್ಪು, ಕಂದು ಪಟ್ಟೆಗಳು ಕುರಿಯ ಮೈಬಣ್ಣವೇ. ಅದರ ಬಿರುಸು ಉಣ್ಣೆಯದು ಮತ್ತು ಹುಣಸೆಬೀಜದ ಗಂಜಿಯದು. ಧಾರವಾಡ ಸೀಮೆಯ ಕಸೂತಿಯನ್ನು ನೋಡಿ. ಬಟ್ಟೆಯ ಮೇಲೆ ಗೀಟು ಹಾಕದೆ ಎಳೆ ಎಣಿಸಿಯೇ ಹಾಕುವ ಗವಂತಿ ಹೊಲಿಗೆಯಲ್ಲಿ ಗಂಟಿಲ್ಲ. ಬಟ್ಟೆಯ ಒಳಮೈಯೂ ಹೊರಮೈಯೂ ಒಂದೇ. ಮನುಷ್ಯರಲ್ಲಿ ಈ ಗುಣ ಕಂಡರೆ ಕೈಯೆತ್ತಿ ಮುಗಿಯುತ್ತೇವೆ.

ಬ್ಯಾಡಗಿಯ ಪೇಟೆಗೆ ಹೋದರೆ ಇದೇ ಪಾಠ ಇನ್ನೊಂದು ರೂಪದಲ್ಲಿ ಸಿಗುತ್ತದೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಅಲ್ಲಿಯ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಪ್ರಸಿದ್ಧ. ಅದರ ಗುರುತು ನಯವಲ್ಲ, ಸುಕ್ಕು. ಒಣಗಿದಂತೆ ಮೈತುಂಬ ನೆರಿಗೆ ಬೀಳುತ್ತದೆ. ಆ ನೆರಿಗೆಯನ್ನು ನೋಡಿಯೇ ಬಲ್ಲವರು ಇದು ಬ್ಯಾಡಗಿ ಎನ್ನುತ್ತಾರೆ. ವಸ್ತುವಿನ ಮೈ ಅದರ ಚರಿತ್ರೆಯನ್ನು ಹೇಳುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಹಾವೇರಿಯ ಸಿದ್ಧೇಶ್ವರ ದೇವಾಲಯದ ಕಂಬಗಳು ಕಲ್ಲಿನವು. ಆದರೆ ಬಡಗಿ ಚರಕಿಗೆ ಹಿಡಿದು ಕಡೆದ ಮರದಂತೆ ನುಣ್ಣಗೆ, ಬಳೆಬಳೆಯಾಗಿ ಇವೆ. ಚಾಲುಕ್ಯರ ಕಾಲದ ಆ ರೂವಾರಿಗಳೂ ಅನುಕರಣ ಮಾಡಿದವರಲ್ಲವೆ? ಮಾಡಿದರು ನಿಜ, ಮೋಸ ಮಾಡಲಿಲ್ಲ. ಆ ಕಂಬವನ್ನು ಮರವೆಂದು ನಂಬಿದವರು ಯಾರೂ ಇಲ್ಲ. ಕಲ್ಲು ಕಲ್ಲಾಗಿಯೇ ಉಳಿದು, ತನ್ನಿಂದ ಇಷ್ಟೂ ಆಗುತ್ತದೆಂದು ತೋರಿಸಿತು. ಸುಮಾರು ಅದೇ ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವವೆಂದು ವಾದಿಸಿದ. ಒಡವೆ ಎಷ್ಟೇ ಬೆಲೆಯದಾಗಲಿ, ಕೊರಳಿಗೆ ಡಾಬು ಕಟ್ಟಿಕೊಂಡರೆ ನಗೆಪಾಟಲೇ ಸರಿ. ಅನುಕರಣ ಬೇರೆ, ವಂಚನೆ ಬೇರೆ. ಮೊದಲನೆಯದು ನೋಡುವವನ ಬುದ್ಧಿಯನ್ನು ಗೌರವಿಸುತ್ತದೆ. ಎರಡನೆಯದು ಅವನು ಮುಟ್ಟಿ ನೋಡದಿರಲಿ ಎಂದು ಹಾರೈಸುತ್ತದೆ.

ಇದಕ್ಕಿಂತ ಗುರುತರವಾದ ಆಕ್ಷೇಪ ಇನ್ನೊಂದುಂಟು. ಹಳೆಯ ಮನೆಯ ಮಣ್ಣಿನ ಸೊಗಸನ್ನು ಹೊಗಳುವವರು ಆ ಸೊಗಸನ್ನು ಯಾರ ಮೈ ನೋಯಿಸಿ ಪಡೆದೆವೆಂದು ಕೇಳಬೇಡವೆ? ಸಗಣಿ ಸಾರಿಸಿದ ನೆಲದ ಮೇಲಿನ ಆ ಅರ್ಧಚಂದ್ರಾಕಾರದ ಬೆರಳ ಗೆರೆಗಳು ಬಹಳ ಚೆಲುವಾದವು, ನಿಜ. ಅವು ಹೆಂಗಸರ ಬೆರಳುಗಳು. ಗಂಡಸರು ಅದರ ಮೇಲೆ ಚಾಪೆ ಹಾಸಿ ಮಲಗಿದರು. ನಮ್ಮ ಪಡಸಾಲೆಗೆ ಸಾದಾ ಬಿಳಿಯ ಟೈಲು ಹಾಕಿಸಿದ ದಿನ ನನ್ನ ತಾಯಿ, "ಇನ್ನ ನನ್ನ ಮೊಣಕಾಲಿಗೆ ಸೂಟಿ ಸಿಕ್ತು ನೋಡಪಾ" ಎಂದಳು. ಯಾವ ಸೌಂದರ್ಯಶಾಸ್ತ್ರವೂ ಈ ಮಾತನ್ನು ದಾಟಿ ಹೋಗಬಾರದು. ಪರರ ಬೆನ್ನು ಬಾಗಿಸಿ ಪಡೆದ ಸಹಜತೆಯೂ ಒಂದು ಬಗೆಯ ಸುಳ್ಳೇ. ಟೈಲು ಟೈಲಾಗಿಯೇ ಇದ್ದರೆ ಅದರಲ್ಲಿ ಅಸತ್ಯವೇನೂ ಇಲ್ಲ.

ಹಾಗಾದರೆ ಸಾಗುವಾನಿ ಕೊಳ್ಳಲಾರದ ಗುಮಾಸ್ತನು ಸಾಗುವಾನಿಯ ಚಿತ್ರವಿರುವ ಹಲಗೆ ಹಾಕಿಸಿದರೆ ಅವನು ಸುಳ್ಳುಗಾರನೆ? ಅವನನ್ನು ಹಳಿಯಲು ನನ್ನ ನಾಲಗೆ ಏಳುವುದಿಲ್ಲ. ಸಾದಾ ಹಲಗೆಗೆ ಬಣ್ಣ ಬಳಿಸಿದರೂ ಬಾಗಿಲು ಬಾಗಿಲೇ. ಅದು ಅವನಿಗೂ ಗೊತ್ತು. ಅವನು ಅಂಜುವುದು ಬಂದವರ ಕಣ್ಣಿಗೆ. ಬೀಗರು ಏನೆಂದಾರು, ಕಚೇರಿಯವರು ಏನೆಂದಾರು? ಈ ಅಂಜಿಕೆಗಾಗಿ ಬ್ಯಾಂಕಿನ ಸಾಲದ ಕೊನೆಯ ಕಂತು ಪಡಸಾಲೆಯ ತೋರಿಕೆಯ ಚಾವಣಿಗೆ ಹೋಗುತ್ತದೆ. ಅಡಿಗೆಮನೆಗೆ ಬೇಕಾಗಿದ್ದ ಕಿಟಕಿ ಹಾಗೆಯೇ ಉಳಿಯುತ್ತದೆ. ವರ್ಷಕ್ಕೆ ಎರಡು ಸಲ ಬಂದು ನೋಡಿಹೋಗುವವರಿಗೆ ಗೋಡೆ, ದಿನವೆಲ್ಲ ಅಲ್ಲಿ ನಿಲ್ಲುವವಳಿಗೆ ಹೊಗೆ. ಸುಳ್ಳು ಇರುವುದು ಟೈಲಿನಲ್ಲಿ ಅಲ್ಲ, ಈ ಲೆಕ್ಕಾಚಾರದಲ್ಲಿ.

ಆದ್ದರಿಂದ ಮನೆ ಕಟ್ಟುವವರು ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕೆಂದು ನನಗೆ ತೋರುತ್ತದೆ. ಬಂದವರು ಗೋಡೆಯನ್ನು ಮುಟ್ಟಿ, ಇದೇನು ಎಂದರೆ ದನಿ ತಗ್ಗಿಸದೆ ಉತ್ತರ ಹೇಳಬಲ್ಲೆನೆ? ಇದನ್ನು ದಿನವೂ ಒರೆಸಿ, ತಿಕ್ಕಿ, ಕಾಪಾಡುವವರಿಗೆ ಇದು ಹಗುರವೋ ಭಾರವೋ? ಈ ಎರಡಕ್ಕೂ ನೆಟ್ಟಗೆ ಉತ್ತರ ಬಂದರೆ ಗೋಡೆ ಮಣ್ಣಿನದಾದರೇನು, ಸಿಮೆಂಟಿನದಾದರೇನು? ಹಳೆಯ ಮನೆಗಳ ಶಹಾಬಾದ ಪರಸಿ ಮೂವತ್ತು ವರ್ಷ ತುಳಿದ ಪಾದಗಳಿಂದ ನುಣುಪಾಗಿದೆ. ಬಾಗಿಲ ಚೌಕಟ್ಟು ಹಿಡಿದ ಕೈಗಳಿಂದ ಮಿರುಗುತ್ತದೆ. ಅಂಟಿಸಿದ ಚಿತ್ರಕ್ಕೆ ಆ ಭಾಗ್ಯವಿಲ್ಲ. ಬಳಸಿದಂತೆ ಅದು ಸುಲಿಯುತ್ತದೆ. ಇದ್ದುದನ್ನು ಇದ್ದಂತೆ ತೋರಿದ ಮನೆಯಾದರೋ ಅದರಲ್ಲಿ ಬಾಳಿದವರ ಗುರುತನ್ನು ತನ್ನ ಮೈಮೇಲೆ ತಾಳಿಕೊಂಡು ಹಳೆಯದಾಗುತ್ತದೆ.