ಹತ್ತರಲ್ಲಿ ಎಷ್ಟು?

‘ಪತ್ತಿಲ್ ಎತ್ರ?’ ಎಂದು ಡಾಕ್ಟರು ಕೇಳಿದರು. ನೋವು ಹತ್ತರಲ್ಲಿ ಎಷ್ಟು ಎಂದರ್ಥ. ಸೊನ್ನೆಯೆಂದರೆ ಏನೂ ಇಲ್ಲ. ಹತ್ತೆಂದರೆ ಊಹಿಸಬಹುದಾದ ಪರಮಾವಧಿ. ನಾನು ಒಂಬತ್ತು ಎಂದೆ. ಆ ಹೊತ್ತಿಗೆ ಇದ್ದದ್ದು ಏಳು.

ಎಡ ಸೊಂಟದಿಂದ ಹೊರಟು, ತೊಡೆಯ ಹಿಂಬದಿಯಲ್ಲಿ ಇಳಿದು, ಪಾದದ ಕಿರುಬೆರಳಿನವರೆಗೆ ಕಾದ ತಂತಿ ಎಳೆದಂತಾಗುವ ಈ ಕಾಯಿಲೆಗೆ ಸಯಾಟಿಕಾ ಎನ್ನುತ್ತಾರೆ. ಸೊಂಟದ ಕೊನೆಯ ಮಣಿಯ ಕೆಳಗಿನ ಮೆತ್ತೆ ಹೊರಚಾಚಿ ನರದ ಬುಡವನ್ನು ಒತ್ತುತ್ತಿದೆಯೆಂದು ಎಂ.ಆರ್.ಐ. ತೋರಿಸಿತು. ಆದರೆ ಇಂಥ ಚಾಚಿಕೆ ಯಾವ ನೋವೂ ಇಲ್ಲದವರ ಬೆನ್ನಿನಲ್ಲೂ ಧಾರಾಳವಾಗಿ ಕಾಣಸಿಗುತ್ತದೆ. ಚಿತ್ರ ಮೆತ್ತೆಯನ್ನು ತೋರಿಸೀತು, ನೋವನ್ನಲ್ಲ. ನೋವಿಗೆ ನಾನೊಬ್ಬನೇ ಸಾಕ್ಷಿ. ಆ ಸಾಕ್ಷಿಯೇ ಸುಳ್ಳು ನುಡಿದ.

ಕಾರಣ ಸರಳ. ಎಕ್ಸ್-ರೇ ನೋಡುತ್ತ ನರದ ಬುಡಕ್ಕೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದಿಗೆ ಏಳು ವಾರ ಕಾಯಬೇಕೆಂದಿದ್ದರು. ಮಂಗಳೂರಿಗೆ ಹೋದರೆ ಬೇಗ ಆದೀತು. ಹಣವುಳ್ಳವನಿಗೆ ಸರದಿ ದಾಟಲು ಸುಳ್ಳು ಬೇಕಾಗುವುದಿಲ್ಲ. ನನ್ನಲ್ಲಿ ಇದ್ದದ್ದು ಒಂಬತ್ತು ಎಂಬ ಅಂಕೆ ಮಾತ್ರ.

ಭಾಷೆಯ ಮೇಲೆ ತಪ್ಪು ಹೊರಿಸಬಹುದಿತ್ತು. ಮಲಯಾಳದಲ್ಲಿ ‘ವೇದನ’ ಹಲ್ಲಿಗೂ ಹೊಟ್ಟೆಗೂ ಸಲ್ಲುವ ದಿನಬಳಕೆಯ ಮಾತು. ನಮ್ಮ ‘ವೇದನೆ’ ಹೆಚ್ಚಾಗಿ ಮನಸ್ಸಿನದು. ನಮ್ಮ ಬಡಪಾಯಿ ‘ನೋವು’ ಅಲ್ಲಿ ‘ನೋವ್’ ಆಗಿ ಕವಿತೆಯಲ್ಲಿ ಕುಳಿತಿದೆ. ನಮ್ಮ ಚಳುಕು, ಸೆಳೆತ, ಜೋಮುಗಳನ್ನು ಆ ಎರಡು ನಿಮಿಷದಲ್ಲಿ ಹೇಗೆ ದಾಟಿಸುವುದು? ಆದರೆ ಅಂಕೆಗೆ ಅನುವಾದವೇ ಬೇಡ. ಏಳು ಎರಡೂ ಭಾಷೆಯಲ್ಲಿ ಏಳೇ.

ನನ್ನ ಮುಂದೆ ಇದ್ದದ್ದು ಬೀಡಿ ಕಟ್ಟುವ ಒಬ್ಬ ಹೆಂಗಸು. ಕೂರಲಾರದೆ ಗೋಡೆ ಹಿಡಿದು ನಿಂತಿದ್ದಳು. ಕೂರಲಾರದವಳು ಬೀಡಿ ಕಟ್ಟುವುದಾದರೂ ಹೇಗೆ? ಅವಳು ‘ಅಞ್ಚ್’ ಎಂದಳು. ಹೊರಗೆ ಬಂದ ಮೇಲೆ, ಐದೇ ಏಕೆ ಹೇಳಿದಿರಿ ಎಂದು ಕೇಳಿದೆ. ನಾಲ್ಕು ಹೆತ್ತವಳು, ಹತ್ತು ಯಾವುದೆಂದು ತನಗೆ ಗೊತ್ತು ಎಂದಳು. ನನ್ನ ಹತ್ತು ಯಾವುದು? ನಾನು ಕಂಡೇ ಇಲ್ಲ.

ನನ್ನ ದಿನ ಎರಡು ವಾರ ಹಿಂದಕ್ಕೆ ಬಂತು. ಯಾರ ದಿನ ಮುಂದಕ್ಕೆ ಹೋಯಿತೋ ಗೊತ್ತಿಲ್ಲ.

ಈಗ ರಾತ್ರಿ ನೆಲದಲ್ಲಿ ಅಂಗಾತ ಮಲಗಿ ಮೀನಗಂಡಗಳನ್ನು ಕುರ್ಚಿಯ ಮೇಲಿಡುತ್ತೇನೆ, ಸ್ವಲ್ಪ ಹಗುರವೆನಿಸುತ್ತದೆ. ಊಟ ನಿಂತುಕೊಂಡೇ. ಹಿಂದೆ ಹಲಗೆಯ ಮೇಲೆ ವಾರಗಟ್ಟಲೆ ಮಲಗಿಸುತ್ತಿದ್ದರು. ಈಗ ಆದಷ್ಟು ನಡೆಯಿರಿ ಎನ್ನುತ್ತಾರೆ, ಅಂಗಳದಲ್ಲಿ ನಡೆಯುತ್ತೇನೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುವ ನೋವಿದು. ನನಗೆ ನಾಲ್ಕನೆಯ ತಿಂಗಳು.

ನರ್ಸ್ ಇನ್ನೊಂದು ಪ್ರಶ್ನೆ ಕೇಳಿದ್ದರು: ಮೂತ್ರ ಕಟ್ಟಿದೆಯೇ, ಕೂರುವ ಜಾಗ ಮರಗಟ್ಟಿದೆಯೇ? ಹಾಗಾದರೆ ಸರದಿಯಿಲ್ಲ, ಆ ಕ್ಷಣವೇ ಬರಬೇಕು. ಇಲ್ಲವೆಂದೇ ಹೇಳಿದೆ. ಅದನ್ನು ಪ್ರಾಮಾಣಿಕತೆ ಎಂದುಕೊಂಡು ಎರಡು ದಿನ ಸಮಾಧಾನಪಟ್ಟೆ. ಆಮೇಲೆ ಹೊಳೆಯಿತು: ಅದು ಪರೀಕ್ಷಿಸಿ ನೋಡಬಹುದಾದ ಸಂಗತಿ. ಯಾರೂ ನೋಡಲಾಗದ ಕಡೆ ಮಾತ್ರ ನಾನು ಸುಳ್ಳು ಹೇಳಿದ್ದೆ.

ಮೊನ್ನೆ ಮತ್ತೆ ಕೇಳಿದರು. ‘ಏಳ್’ ಎಂದೆ, ನಿಜವನ್ನೇ. ‘ಕುರಞ್ಞಲ್ಲೋ!’ ಎಂದು ಡಾಕ್ಟರು ಸಂತೋಷದಿಂದ ಬರೆದುಕೊಂಡರು. ಕಡಿಮೆಯಾದದ್ದಲ್ಲ, ಮೊದಲೂ ಏಳೇ ಇತ್ತು ಎನ್ನುವಷ್ಟು ಮಲಯಾಳ ನನಗೆ ಬರುತ್ತದೆ. ಹೇಳಲಿಲ್ಲ. ಚುಚ್ಚುಮದ್ದಿಗೆ ಇನ್ನು ಹನ್ನೆರಡು ದಿನ.